ಮೊಜಾರ್ಟ್‌ನ ನೆರಳಿಗೆ ಸಿಕ್ಕಿದ ಹಿರಿಯ: ಶೆವಾಲಿಯೇ ದ ಸೇಂ ಜಾರ್ಜ್

ಪ್ರಶ್ನೆ: ಹದಿನೆಂಟನೆಯ ಶತಮಾನದ ಪ್ಯಾರಿಸ್ಸಿನಲ್ಲಿ ‘ಕಪ್ಪು ಮೊಜಾರ್ಟ್’ ಎಂದು ಕರೆಸಿಕೊಳ್ಳುವ ಸಂಗೀತ ಸಂಯೋಜಕನೊಬ್ಬನಿದ್ದನೆಂದು ಕೇಳಿದೆ. ಗುಲಾಮ ಹೆಣ್ಣಿನ ಮಗ ಆ ಸಮಾಜದಲ್ಲಿ ಅಷ್ಟು ಎತ್ತರಕ್ಕೆ ಏರಿದ್ದು ನಿಜವೇ? ನಿಜವಾಗಿದ್ದರೆ ಇಷ್ಟು ಕಾಲ ಅವನ ಸಂಗೀತ ಯಾರ ಕಿವಿಗೂ ಬೀಳದೆ ಹೋದದ್ದು ಬಣ್ಣದ ಕಾರಣಕ್ಕೋ, ಅಥವಾ ಆ ಸಂಗೀತವೇ ಎರಡನೆಯ ದರ್ಜೆಯದಾಗಿತ್ತೋ?

ಉತ್ತರ: ನಿಮ್ಮ ಪ್ರಶ್ನೆಯಲ್ಲಿರುವ ‘ಕಪ್ಪು ಮೊಜಾರ್ಟ್’ ಎಂಬ ಹೆಸರಿನಿಂದಲೇ ಆರಂಭಿಸುತ್ತೇನೆ, ಏಕೆಂದರೆ ಹೊಗಳಿಕೆಯಂತೆ ಕಾಣುವ ಆ ಹೆಸರು ಕಾಲಕ್ರಮವನ್ನೇ ತಲೆಕೆಳಗು ಮಾಡುತ್ತದೆ. ಶೆವಾಲಿಯೇ ದ ಸೇಂ ಜಾರ್ಜ್ ಎಂದು ಪ್ರಸಿದ್ಧನಾದ ಜೋಸೆಫ್ ಬೊಲೋನ್ ಹುಟ್ಟಿದ್ದು 1745ರ ಡಿಸೆಂಬರ್ 25ರಂದು. ಮೊಜಾರ್ಟ್ ಹುಟ್ಟಿದ್ದು ಅದಾಗಿ ಹತ್ತು ವರ್ಷಗಳ ಮೇಲೆ, 1756ರ ಜನವರಿಯಲ್ಲಿ. ಇಪ್ಪತ್ತೆರಡರ ಮೊಜಾರ್ಟ್ 1778ರಲ್ಲಿ ಕೆಲಸ ಹುಡುಕಿಕೊಂಡು ತಾಯಿಯೊಡನೆ ಪ್ಯಾರಿಸ್ಸಿಗೆ ಬಂದು, ಮನಸ್ಸಿಗೊಪ್ಪುವ ಕೆಲಸ ಸಿಗದೆ, ತಾಯಿಯನ್ನೂ ಅಲ್ಲಿಯೇ ಮಣ್ಣು ಮಾಡಿ ಮರಳಿದನಷ್ಟೆ. ಆ ಹೊತ್ತಿಗೆ ಅದೇ ನಗರದಲ್ಲಿ ಸೇಂ ಜಾರ್ಜ್ ಐದು ವರ್ಷಗಳಿಂದ ಹೆಸರಾಂತ ವಾದ್ಯವೃಂದವೊಂದರ ನಿರ್ದೇಶಕನಾಗಿದ್ದ, ಅವನ ಪಿಟೀಲು ಕಾನ್ಚೆರ್ಟೊಗಳು, ಅಂದರೆ ವಾದ್ಯವೃಂದದ ಜೊತೆ ಏಕವಾದಕನೊಬ್ಬ ನುಡಿಸುವ ಕೃತಿಗಳು, ಅಚ್ಚಾಗಿ ಮಾರಾಟವಾಗುತ್ತಿದ್ದವು. ಅಂದಿನ ಪ್ಯಾರಿಸ್ಸಿನ ರಸಿಕನೊಬ್ಬನಿಗೆ ಇವರಿಬ್ಬರಲ್ಲಿ ಯಾರ ಹೆಸರು ಹೇಳಿ ಯಾರನ್ನು ಪರಿಚಯಿಸಬೇಕಾಗಿತ್ತು ಎಂಬುದನ್ನು ನೀವೇ ಊಹಿಸಬಹುದು.

ಎರಡನೆಯ ಭಾಗಕ್ಕೆ ನನ್ನ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಬದುಕಿದ್ದಾಗ ಬಣ್ಣವು ಅವನನ್ನು ವೇದಿಕೆಯಿಂದ ಇಳಿಸಲಿಲ್ಲ. ಅವನು ಪಿಟೀಲು ಹಿಡಿದು ನಿಂತಾಗ ಪ್ಯಾರಿಸ್ ಚಪ್ಪಾಳೆ ತಟ್ಟಿತು. ಆದರೆ ಸಂಯೋಜಕನೊಬ್ಬನ ಕೃತಿಗಳು ಅವನ ಸಾವಿನ ನಂತರವೂ ಉಳಿಯಬೇಕಾದರೆ ಬೇಕಾಗುವ ಹುದ್ದೆ, ಸಂಸ್ಥೆಯ ಆಸರೆ, ವಾರಸಿಕೆ, ಮದುವೆ, ಮನೆತನ, ಇವುಗಳ ಬಾಗಿಲನ್ನು ಅದೇ ಬಣ್ಣ ಒಂದೊಂದಾಗಿ ಮುಚ್ಚಿತು. ಮರೆವಿಗೆ ಬೇರೆ ಕಾರಣಗಳೂ ಇದ್ದವು, ಅವುಗಳಲ್ಲಿ ಕೆಲವು ಶುದ್ಧವಾಗಿ ಸಂಗೀತಕ್ಕೆ ಸಂಬಂಧಿಸಿದವು. ಆದರೂ ಆ ಮುಚ್ಚಿದ ಬಾಗಿಲುಗಳನ್ನು ಲೆಕ್ಕಕ್ಕೆ ಹಿಡಿಯದೆ ಉಳಿದ ಕಾರಣಗಳು ಅರ್ಥವಾಗುವುದಿಲ್ಲ.

ಕೆರೀಬಿಯನ್ ಸಮುದ್ರದ ಗ್ವಾಡಲೂಪ್ ದ್ವೀಪ ಆಗ ಫ್ರಾನ್ಸಿನ ವಸಾಹತು. ಅಲ್ಲಿನ ತೋಟದೊಡೆಯ ಜಾರ್ಜ್ ದ ಬೊಲೋನ್ ಸೇಂ ಜಾರ್ಜ್ ಎಂಬಾತನಿಗೆ ತನ್ನ ಮನೆಯ ಗುಲಾಮಳಾಗಿದ್ದ, ಆಫ್ರಿಕನ್ ಮೂಲದ ನನೋನ್ ಎಂಬ ಹದಿಹರೆಯದ ಹುಡುಗಿಯಲ್ಲಿ ಹುಟ್ಟಿದ ಮಗ ಜೋಸೆಫ್. ಒಡೆಯನಿಗೆ ಮದುವೆಯಾಗಿತ್ತು, ಹೆಂಡತಿಯಲ್ಲಿ ಮಗಳೊಬ್ಬಳೂ ಇದ್ದಳು. 1685ರ ‘ಕೋಡ್ ನ್ವಾರ್’, ಅಂದರೆ ಕರಿಯರ ಕುರಿತಾದ ಕಾಯ್ದೆ, ಗುಲಾಮ ತಾಯಿಯ ಮಗುವೂ ಗುಲಾಮನೇ ಎಂದು ವಿಧಿಸಿತ್ತು. 1747ರಲ್ಲಿ ಒಬ್ಬನ ಸಾವಿಗೆ ಕಾರಣನಾದನೆಂಬ ಆರೋಪ ಬಂದು ತಂದೆ ಫ್ರಾನ್ಸಿಗೆ ಓಡಿಹೋದನು; ಎರಡು ವರ್ಷಗಳ ಬಳಿಕ ರಾಜನ ಕ್ಷಮೆ ಪಡೆದು ಮರಳಿದನು. 1753ರಲ್ಲಿ, ಏಳು ವರ್ಷದ ಮಗನನ್ನು ಓದಿಗಾಗಿ ಫ್ರಾನ್ಸಿಗೆ ಕರೆದೊಯ್ದನು. ಎರಡು ವರ್ಷಗಳ ನಂತರ ನನೋನಳೂ ಅಲ್ಲಿಗೆ ಬಂದಳು. ಆ ಹುಡುಗನ ಶಾಲೆ, ಕುದುರೆ, ಕತ್ತಿ, ಪಿಟೀಲು ಎಲ್ಲಕ್ಕೂ ಹಣ ಬಂದದ್ದು ಅವನ ತಾಯಿಯಂಥವರೇ ದುಡಿಯುತ್ತಿದ್ದ ತೋಟದಿಂದ. ಅವನ ಬದುಕನ್ನು ಬರೆಯುವವರು ಈ ಮಾತನ್ನು ಸಾಮಾನ್ಯವಾಗಿ ದಾಟಿಹೋಗುತ್ತಾರೆ.

ಫ್ರಾನ್ಸಿನ ಕಾನೂನು ಈ ವಿಷಯದಲ್ಲಿ ಎರಡು ನಾಲಿಗೆಯದಾಗಿತ್ತು. ಫ್ರಾನ್ಸಿನ ನೆಲ ಮುಟ್ಟಿದವನು ಸ್ವತಂತ್ರ ಎಂಬುದು ಹಳೆಯ ತತ್ತ್ವ. ವಸಾಹತುಗಳ ಒಡೆಯರು ತಮ್ಮ ಗುಲಾಮರನ್ನು ಕರೆತಂದು ಕಳೆದುಕೊಳ್ಳದಿರಲೆಂದು 1716 ಮತ್ತು 1738ರ ರಾಜಾಜ್ಞೆಗಳು ಆ ತತ್ತ್ವಕ್ಕೆ ತೂತು ಕೊರೆದವು. 1762ರಲ್ಲಿ ಪ್ಯಾರಿಸ್ಸಿನ ಕರಿಯರೂ ಮಿಶ್ರವರ್ಣದವರೂ ನೌಕಾಡಳಿತದ ಕಚೇರಿಯಲ್ಲಿ ಹೆಸರು ಬರೆಸಬೇಕೆಂಬ ಆದೇಶ ಹೊರಟಿತು. ತಾಯಿ ಮಗ ಇಬ್ಬರ ಹೆಸರೂ ಆ ದಾಖಲೆ ಪುಸ್ತಕ ಸೇರಿದವು. 1777ರ ಆಗಸ್ಟ್‌ನಲ್ಲಿ ಬಂದ ಘೋಷಣೆ ವಸಾಹತುಗಳಿಂದ ಕರಿಯರು ಫ್ರಾನ್ಸಿಗೆ ಬರುವುದನ್ನೇ ನಿಷೇಧಿಸಿತು. ಮರುವರ್ಷದ ಏಪ್ರಿಲ್‌ನಲ್ಲಿ ಬಿಳಿಯರಿಗೂ ಬಣ್ಣದವರಿಗೂ ನಡುವಣ ಮದುವೆ ಕಾನೂನಿಗೆ ವಿರುದ್ಧವಾಯಿತು. ರಾಣಿಯ ಜೊತೆ ಕುಳಿತು ಸಂಗೀತ ನುಡಿಸುತ್ತಿದ್ದ ಸೇಂ ಜಾರ್ಜ್ ತಾನು ಓಡಾಡುತ್ತಿದ್ದ ಸಮಾಜದ ಯಾವ ಹೆಣ್ಣನ್ನೂ ಮದುವೆಯಾಗುವಂತಿರಲಿಲ್ಲ; ಮದುವೆಯಾಗಲೂ ಇಲ್ಲ. ತಂದೆ 1774ರಲ್ಲಿ ತೀರಿಕೊಂಡಾಗ ಆಸ್ತಿಯೆಲ್ಲ ಧರ್ಮಪತ್ನಿಯ ಮಗಳಿಗೆ ಹೋಯಿತು, ಈತನಿಗೆ ಬರುತ್ತಿದ್ದ ವರ್ಷಾಶನವೂ ನಿಂತಿತು. ಅಲ್ಲಿಂದ ಮುಂದೆ ಸಂಗೀತ ಅವನಿಗೆ ಹವ್ಯಾಸವಾಗಿ ಉಳಿಯಲಿಲ್ಲ, ಹೊಟ್ಟೆಪಾಡಾಯಿತು.

ಪ್ಯಾರಿಸ್ ಅವನನ್ನು ಮೊದಲು ಗುರುತಿಸಿದ್ದು ಕತ್ತಿವರಸೆಯಿಂದ. ಹದಿಮೂರನೆಯ ವಯಸ್ಸಿನಲ್ಲಿ ಅವನು ಲಾ ಬೊಎಸಿಯೇರ್ ಎಂಬ ಪ್ರಖ್ಯಾತ ಗುರುವಿನ ಗರಡಿ ಸೇರಿದನು. ರೂಆನ್ ನಗರದ ಪಿಕಾರ್ ಎಂಬ ಕತ್ತಿವರಸೆಯ ಶಿಕ್ಷಕ ಇವನನ್ನು ‘ಲಾ ಬೊಎಸಿಯೇರನ ಮುಲಾಟೊ’ ಎಂದು ಬಹಿರಂಗವಾಗಿ ಹಂಗಿಸಿದನು. ಹುಡುಗ ಅಲ್ಲಿಗೇ ಹೋಗಿ ಅವನನ್ನು ಸೋಲಿಸಿ ಬಂದನು. ‘ಮುಲಾಟೊ’ ಎಂಬುದು ಬಿಳಿಯ ತಂದೆಗೂ ಕರಿಯ ತಾಯಿಗೂ ಹುಟ್ಟಿದವರನ್ನು ಹೀಗಳೆಯಲು ಬಳಕೆಯಲ್ಲಿದ್ದ ಮಾತು, ಅದು ಇವನ ಬೆನ್ನು ಬಿಡಲೇ ಇಲ್ಲ. ಮುಂದೆ ರಾಜನ ಅಂಗರಕ್ಷಕ ಪಡೆಯಲ್ಲಿ ಸ್ಥಾನವೂ ‘ಶೆವಾಲಿಯೇ’, ಅಂದರೆ ಸರದಾರ, ಎಂಬ ಬಿರುದೂ ದೊರೆತವು. 1766ರಲ್ಲಿ ಇಟಲಿಯ ಕತ್ತಿವೀರ ಜುಸೆಪ್ಪೆ ಜಾನ್ಫಾಲ್ದೋನಿ ಪ್ಯಾರಿಸ್ಸಿಗೆ ಬಂದಾಗ ನಡೆದ ಪಂದ್ಯದಲ್ಲಿ ಸೇಂ ಜಾರ್ಜ್ ಸೋತರೂ, ಗೆದ್ದವನೇ ಇವನನ್ನು ಕೊಂಡಾಡಿದನು. ಇಂಥ ಕಥೆಗಳಲ್ಲಿ ಹೆಚ್ಚಿನವು ನಮಗೆ ತಿಳಿದಿರುವುದು ಲಾ ಬೊಎಸಿಯೇರನ ಮಗ 1818ರಲ್ಲಿ ಪ್ರಕಟಿಸಿದ ಕತ್ತಿವರಸೆಯ ಗ್ರಂಥದಿಂದ. ಸಂಯೋಜಕನೊಬ್ಬನ ಜೀವನಚರಿತ್ರೆಗೆ ಮುಖ್ಯ ಆಧಾರ ಕತ್ತಿವರಸೆಯ ಪಠ್ಯಪುಸ್ತಕವಾಗಿದೆ ಎಂಬಲ್ಲಿಯೇ ಅವನ ನೆನಪು ಎತ್ತ ವಾಲಿತೆಂಬುದು ಗೊತ್ತಾಗುತ್ತದೆ.

ಸಂಗೀತದಲ್ಲಿ ಅವನ ಗುರು ಯಾರೆಂಬುದಕ್ಕೆ ದಾಖಲೆ ಉಳಿದಿಲ್ಲ. ಉಳಿದಿರುವುದು ಹಿರಿಯರು ಅವನಿಗೆ ಮಾಡಿದ ಅರ್ಪಣೆಗಳು. ಇಟಲಿಯ ಪಿಟೀಲು ಪ್ರವೀಣ ಆಂಟೋನಿಯೋ ಲೋಲ್ಲಿ 1764ರಲ್ಲಿ ತನ್ನ ಎರಡು ಕಾನ್ಚೆರ್ಟೊಗಳನ್ನೂ, ಪ್ಯಾರಿಸ್ಸಿನ ಸಂಯೋಜಕ ಗೊಸೆಕ್ 1766ರಲ್ಲಿ ತನ್ನ ತ್ರಿವಾದ್ಯ ಕೃತಿಗಳನ್ನೂ ಇವನಿಗೆ ಅರ್ಪಿಸಿದರು. ಇಪ್ಪತ್ತರ ಹರೆಯದ ಕತ್ತಿವೀರನಿಗೆ ವೃತ್ತಿಸಂಗೀತಗಾರರು ಸುಮ್ಮನೆ ಕೃತಿ ಅರ್ಪಿಸುವುದಿಲ್ಲ. 1769ರಲ್ಲಿ ಗೊಸೆಕ್ ‘ಕೋನ್ಸೇರ್ ದೇಸ್ ಅಮತರ್’ ಎಂಬ ವಾದ್ಯವೃಂದವನ್ನು ಕಟ್ಟಿದನು. ‘ಅಮತರ್’ ಎಂದರೆ ಸಂಗೀತಪ್ರಿಯರು. ಚಂದಾ ಹಣದಿಂದ ನಡೆಯುತ್ತಿದ್ದ ಈ ಕೂಟದಲ್ಲಿ ಶ್ರೀಮಂತ ಹವ್ಯಾಸಿಗಳ ಪಕ್ಕದಲ್ಲಿ ನಗರದ ಪಳಗಿದ ವಾದಕರು ಕುಳಿತು ನುಡಿಸುತ್ತಿದ್ದರು. ಸೇಂ ಜಾರ್ಜ್ ಅಲ್ಲಿ ಪಿಟೀಲುವಾದಕನಾಗಿ ಸೇರಿ ಮುಂದಾಳಾಗಿ ಬೆಳೆದನು, 1772ರಲ್ಲಿ ತನ್ನದೇ ಎರಡು ಕಾನ್ಚೆರ್ಟೊಗಳನ್ನು ಏಕವಾದಕನಾಗಿ ನುಡಿಸಿದನು, ಮರುವರ್ಷ ಗೊಸೆಕ್ ಬೇರೆ ಸಂಸ್ಥೆಗೆ ಹೋದಾಗ ವೃಂದದ ನಿರ್ದೇಶಕನೇ ಆದನು. ಸಿಂಫನಿ, ಅಂದರೆ ಇಡೀ ವಾದ್ಯವೃಂದಕ್ಕೆಂದು ಬರೆದ ದೊಡ್ಡ ಕೃತಿ, ನುಡಿಸುವುದರಲ್ಲಿ ಪ್ಯಾರಿಸ್ಸಿಗೇ ಮೊದಲನೆಯದು, ಬಹುಶಃ ಯೂರೋಪಿಗೇ ಮೊದಲನೆಯದು ಎಂಬ ಹೊಗಳಿಕೆ ಇವನ ಕೈಕೆಳಗಿನ ಆ ವೃಂದಕ್ಕೆ ಎರಡೇ ವರ್ಷಗಳಲ್ಲಿ ಬಂದಿತು.

ಈಗ ಸಂಗೀತದ ಮಾತು. ಅವನ ಕಾನ್ಚೆರ್ಟೊಗಳನ್ನು ಕೇಳುವಾಗ ಮೊದಲು ಗಮನ ಸೆಳೆಯುವುದು ಏಕವಾದಕನ ಬೆರಳುಗಳು ಪಿಟೀಲಿನ ಅತಿ ಎತ್ತರದ ಸ್ವರಗಳಿಗೆ ಏರುವ ಧೈರ್ಯ. ನಮ್ಮ ಕರ್ನಾಟಕ ಸಂಗೀತದ ಪಿಟೀಲುವಾದಕರು ನೆಲದ ಮೇಲೆ ಕುಳಿತು ವಾದ್ಯದ ತುದಿಯನ್ನು ಪಾದದ ಮೇಲೆ ಊರಿಕೊಳ್ಳುವುದರಿಂದ ಎಡಗೈ ತಂತಿಯುದ್ದಕ್ಕೂ ಸಲೀಸಾಗಿ ಜಾರುತ್ತದೆ. ಯೂರೋಪಿನ ವಾದಕ ನಿಂತುಕೊಂಡು, ಭುಜದ ಮೇಲಿಟ್ಟ ವಾದ್ಯವನ್ನು ಅದೇ ಎಡಗೈಯಿಂದ ಅರ್ಧ ಹೊತ್ತು ನುಡಿಸಬೇಕಾಗಿತ್ತು. ಗದ್ದ ಊರಲು ಇಂದು ಬಳಸುವ ಮರದ ಆಸರೆ ಬಂದದ್ದು 1820ರ ಸುಮಾರಿಗೆ. ಅಂಥ ಹಿಡಿತದಲ್ಲಿ ಎತ್ತರದ ಸ್ವರಗಳಿಗೆ ನೆಗೆಯುವುದು, ಮಧ್ಯದ ತಂತಿಯನ್ನು ಹಾರಿ ಆಚೆಯ ತಂತಿಗೆ ಕಮಾನು ಒಯ್ಯುವುದು, ಎರಡು ತಂತಿಗಳ ನಡುವೆ ವೇಗವಾಗಿ ತೂಗಾಡುವುದು ಇವೆಲ್ಲ ಬರಿಯ ಕಸರತ್ತಲ್ಲ, ಅಪಾಯ. ಇವನು ಅವನ್ನು ತನ್ನ ಕೈಗಾಗಿಯೇ ಬರೆದುಕೊಂಡನು. ಕತ್ತಿ ಹಿಡಿದ ಮಣಿಕಟ್ಟು ಕಮಾನಿಗೂ ಪಳಗಿತು ಎಂದು ಹಲವರು ಬರೆಯುತ್ತಾರೆ. ಕೇಳಲು ಚೆನ್ನಾಗಿರುವ ಮಾತು. ನಾನು ಅದನ್ನು ಅಷ್ಟಾಗಿ ನೆಚ್ಚುವುದಿಲ್ಲ, ಏಕೆಂದರೆ ಕಷ್ಟವಾದ ಕೆಲಸದಲ್ಲಿ ಅರ್ಧ ಅಲ್ಲಿ ಎಡಗೈಯದು.

ನನ್ನ ಮಟ್ಟಿಗೆ ಅವನ ನಿಜವಾದ ಬಲ ಇರುವುದು ವಿಳಂಬ ಭಾಗಗಳಲ್ಲಿ. ಐದನೆಯ ಸಂಪುಟದ ಎರಡನೆಯ ಕಾನ್ಚೆರ್ಟೊದ ‘ಲಾರ್ಗೊ’ ಭಾಗದಲ್ಲಿ ಪಿಟೀಲು ವೃಂದದ ಮೃದುವಾದ ನಡೆಯ ಮೇಲೆ ತಡೆದು ತಡೆದು ಹಾಡುತ್ತದೆ; ಎಲ್ಲಿಯೂ ಪ್ರದರ್ಶನದ ಆತುರವಿಲ್ಲ. ಇನ್ನೊಂದು ಕಡೆ, 1770ರ ದಶಕದ ಮೊದಲಲ್ಲಿ ಅಚ್ಚಾದ ಅವನ ಆರು ಕ್ವಾರ್ಟೆಟ್‌ಗಳು, ಎರಡು ಪಿಟೀಲು, ಒಂದು ವಿಯೋಲ, ಒಂದು ಚೆಲೋ ಸೇರಿ ನುಡಿಸುವ ಕೃತಿಗಳು, ಆ ಪ್ರಕಾರ ಫ್ರಾನ್ಸಿನಲ್ಲಿ ಕಣ್ಣುಬಿಡುತ್ತಿದ್ದ ಕಾಲದವು. 1779ರಲ್ಲಿ ಎರಡು ಸಿಂಫನಿಗಳು ಬಂದವು. ಇವುಗಳಿಗಿಂತ ಹೆಚ್ಚಾಗಿ ಅವನ ಕೈ ಓಡಿದ್ದು ಪ್ಯಾರಿಸ್ ಆಗ ಹುಚ್ಚೆದ್ದು ಕೇಳುತ್ತಿದ್ದ ‘ಸಿಂಫನಿ ಕಾನ್ಸೆರ್ತಾಂತ್’ ಎಂಬ ಪ್ರಕಾರದಲ್ಲಿ: ಇಡೀ ವೃಂದದ ಮುಂದೆ ಇಬ್ಬರು ಅಥವಾ ಮೂವರು ಏಕವಾದಕರು ಒಬ್ಬರ ಮಾತನ್ನು ಇನ್ನೊಬ್ಬರು ಎತ್ತಿಕೊಳ್ಳುತ್ತ, ಸವಾಲು ಹಾಕುತ್ತ, ಕೊನೆಗೆ ಒಟ್ಟಾಗಿ ಓಡುವ ರಚನೆ. ಇವನ ಕೈಯಲ್ಲಿ ಅದು ಸಾಮಾನ್ಯವಾಗಿ ಎರಡೇ ಭಾಗಗಳದು, ಲವಲವಿಕೆಯದು, ವಿಷಾದದ ಗೊಡವೆ ಇಲ್ಲದ್ದು.

ಸಂಗೀತವೇ ಎರಡನೆಯ ದರ್ಜೆಯದೋ ಎಂದು ನೀವು ಕೇಳಿದ್ದೀರಿ. ಅದೇ ಕಾಲದ ಆಸ್ಟ್ರಿಯದ ಹಿರಿಯ ಸಂಯೋಜಕ ಹೇಡನ್ ಒಂದು ಸಣ್ಣ ಸ್ವರಗುಚ್ಛವನ್ನು ಹಿಡಿದು ಅದನ್ನು ಮುರಿದು, ತಿರುಗಿಸಿ, ಅನ್ಯ ಶ್ರುತಿಗಳಲ್ಲಿ ಅಲೆದಾಡಿಸಿ ಮನೆಗೆ ತರುವ ಬಗೆಯನ್ನು ಸೇಂ ಜಾರ್ಜ್‌ನಲ್ಲಿ ಹುಡುಕಿದರೆ ನಿರಾಶೆಯಾಗುತ್ತದೆ. ಅವನು ಒಂದು ಚೆಲುವಾದ ಧಾಟಿಯ ಬಳಿಕ ಇನ್ನೊಂದನ್ನು ಇಡುತ್ತಾನೆ, ಕಟ್ಟುವುದಕ್ಕಿಂತ ಪೋಣಿಸುತ್ತಾನೆ. ಆದರೆ 1770ರ ದಶಕದ ಪ್ಯಾರಿಸ್ಸಿನ ರುಚಿಯೇ ಅದಾಗಿತ್ತು. ಆ ರುಚಿಯೊಳಗೆ ಬರೆದ ತನ್ನ ಸಮಕಾಲೀನರ ನಡುವೆ ಅವನು ಮುಂಚೂಣಿಯಲ್ಲಿದ್ದನು ಎಂದು ಧಾರಾಳವಾಗಿ ಹೇಳಬಹುದು. ಮೊಜಾರ್ಟ್‌ನಿಗೆ ಸಮ ಎಂದು ಹೇಳಲಾಗದು, ಹೇಳಬೇಕಾದ ಅಗತ್ಯವೂ ಇಲ್ಲ. ಪ್ಯಾರಿಸ್ಸಿನಿಂದ ಮರಳಿದ ಮೊಜಾರ್ಟ್ 1779ರಲ್ಲಿ ಪಿಟೀಲು ಮತ್ತು ವಿಯೋಲಗಳಿಗೆ ಬರೆದ ಪ್ರಸಿದ್ಧ ಕೃತಿಯಲ್ಲಿ ಸೇಂ ಜಾರ್ಜ್‌ನ ಕಾನ್ಚೆರ್ಟೊವೊಂದರ ಏರುನಡೆಯ ಪ್ರತಿಧ್ವನಿ ಇದೆಯೆಂದು ಇವನ ಜೀವನಚರಿತ್ರೆ ಬರೆದ ಪಿಟೀಲುವಾದಕ ಗೇಬ್ರಿಯಲ್ ಬನಾಟ್ ವಾದಿಸಿದ್ದಾರೆ. ಎರಡನ್ನೂ ಕೇಳಿದರೆ ಹೋಲಿಕೆ ಕಿವಿಗೆ ತಾಗುತ್ತದೆ. ಅದನ್ನು ಕಳವು ಎನ್ನುವುದು ಅತಿಯಾದೀತು. ಪ್ಯಾರಿಸ್ಸಿನ ಗಾಳಿಯಲ್ಲಿ ತೇಲುತ್ತಿದ್ದ ಮಾತನ್ನು ಜಾಣ ಅತಿಥಿಯೊಬ್ಬ ಎತ್ತಿಕೊಂಡನೆಂದು ನಾನು ತಿಳಿಯುತ್ತೇನೆ.

ಇನ್ನು 1776ರ ಘಟನೆ. ಅವನ ಬದುಕಿನ ತಿರುವು ಇದೇ ಎಂಬುದು ನನ್ನ ಎಣಿಕೆ. ಪ್ಯಾರಿಸ್ ಒಪೆರಾ, ಅಧಿಕೃತವಾಗಿ ರಾಜ ಸಂಗೀತ ಅಕಾಡೆಮಿ, ಆಗ ಆಡಳಿತದ ಗೊಂದಲದಲ್ಲಿತ್ತು, ಅದರ ನಿರ್ದೇಶಕ ಸ್ಥಾನಕ್ಕೆ ಸೇಂ ಜಾರ್ಜ್‌ನ ಹೆಸರು ಬಂದಿತು. ಅರ್ಹತೆಯ ಬಗ್ಗೆ ಯಾರೂ ತಕರಾರು ಎತ್ತಲಿಲ್ಲ. ಆದರೆ ಅಲ್ಲಿನ ತಾರೆಯರಾದ ಗಾಯಕಿ ಸೋಫಿ ಆರ್ನು, ನರ್ತಕಿ ಗಿಮಾರ್, ಗಾಯಕಿ ರೊಸಾಲಿ ಲೆವಸ್ಸ್ಯೂರ್ ಮೊದಲಾದವರು ರಾಣಿ ಮರೀ ಆಂತ್ವನೆತ್‌ಗೆ ಮನವಿ ಸಲ್ಲಿಸಿದರು: ಮುಲಾಟೊ ಒಬ್ಬನ ಅಪ್ಪಣೆಗೆ ತಲೆಬಾಗಲು ತಮ್ಮ ಮಾನವೂ ಅಂತಃಸಾಕ್ಷಿಯೂ ಒಪ್ಪಲಾರವು ಎಂಬುದು ಅದರ ಸಾರ. ಯೂರೋಪಿನ ಅರಮನೆಗಳಿಗೆ ಪ್ಯಾರಿಸ್ಸಿನ ಸುದ್ದಿ ಬರೆದು ಕಳುಹಿಸುತ್ತಿದ್ದ ಬ್ಯಾರನ್ ಗ್ರಿಮ್‌ನ ಸಂಚಿಕೆಯಿಂದ ಇದು ನಮಗೆ ತಿಳಿದಿದೆ. ರಾಣಿಗೆ ಸಂಗೀತ ಬರುತ್ತಿತ್ತು, ಸೇಂ ಜಾರ್ಜ್‌ನ ಬಗ್ಗೆ ವಿಶ್ವಾಸವೂ ಇತ್ತು; ಆದರೂ ನಿಷ್ಠುರಕ್ಕೆ ಯಾರೂ ಸಿದ್ಧರಿರಲಿಲ್ಲ. ಹದಿನಾರನೆಯ ಲೂಯಿ ಒಪೆರಾದ ಆಡಳಿತವನ್ನು ಅರಮನೆಯ ಮನರಂಜನಾ ಇಲಾಖೆಯ ಅಧಿಕಾರಿಗಳ ಕೈಗೆ ಒಪ್ಪಿಸಿದನು. ಹೀಗೆ ಅರ್ಜಿಯನ್ನು ತಿರಸ್ಕರಿಸದೆಯೇ ಅರ್ಜಿದಾರನನ್ನು ತಪ್ಪಿಸಿದಂತಾಯಿತು.

ಒಂದು ಹುದ್ದೆ ತಪ್ಪಿದ್ದು ಅಷ್ಟು ದೊಡ್ಡ ಮಾತೇ ಎಂದು ನೀವು ಕೇಳಬಹುದು. ಅಂದಿನ ಫ್ರಾನ್ಸಿನಲ್ಲಿ ಸಂಯೋಜಕನಿಗೆ ಹೆಸರು ಬರುತ್ತಿದ್ದದ್ದು ಒಪೆರಾದಿಂದ. ಒಪೆರಾ ಎಂಬ ಸಂಸ್ಥೆಗೆ ಹಸ್ತಪ್ರತಿಗಳ ಭಂಡಾರವಿತ್ತು, ನಕಲುಗಾರರಿದ್ದರು, ಒಮ್ಮೆ ಗೆದ್ದ ಕೃತಿಯನ್ನು ವರ್ಷಗಟ್ಟಲೆ ಮತ್ತೆ ಮತ್ತೆ ಆಡುವ ಪದ್ಧತಿಯಿತ್ತು. ಅದರೊಳಗೆ ಕಾಲಿಟ್ಟವನ ಕಾಗದಗಳು ಉಳಿದವು, ಹೊರಗುಳಿದವನವು ಚೆದುರಿದವು. ಸೇಂ ಜಾರ್ಜ್ ಹಾಡುನಾಟಕಗಳನ್ನು ಬರೆಯುವುದನ್ನು ನಿಲ್ಲಿಸಲಿಲ್ಲ, ಸಣ್ಣ ರಂಗಗಳಿಗೆ ಬರೆದನು. ಮೊದಲನೆಯದಾದ ‘ಎರ್ನೆಸ್ತೀನ್’ 1777ರ ಜುಲೈ 19ರಂದು ರಂಗಕ್ಕೆ ಬಂದು ಒಂದೇ ಪ್ರದರ್ಶನಕ್ಕೆ ಮುಗಿಯಿತು. ಅದಕ್ಕೆ ಸಾಹಿತ್ಯ ಒದಗಿಸಿದ ಫಿರಂಗಿ ದಳದ ಅಧಿಕಾರಿ ಶೊದೆರ್ಲೊ ದ ಲಾಕ್ಲೊ ಐದು ವರ್ಷಗಳ ಮೇಲೆ ಕಾದಂಬರಿಕಾರನಾಗಿ ಯೂರೋಪಿನಲ್ಲೆಲ್ಲ ಹೆಸರು ಮಾಡಿದನು, ಆದರೆ ನಾಟಕ ಕಟ್ಟುವುದು ಅವನಿಗೆ ಒಲಿದಿರಲಿಲ್ಲ. ಆ ಸೋಲಿನ ಮೂರು ವಾರಕ್ಕೆ ನಾನು ಮೇಲೆ ಹೇಳಿದ ಆಗಸ್ಟ್ ತಿಂಗಳ ಘೋಷಣೆ ಹೊರಟಿತು. ‘ಲಾಮಾಂ ಅನೊನೀಮ್’, ಎಂದರೆ ಅನಾಮಧೇಯ ಪ್ರಿಯಕರ, 1780ರ ಮಾರ್ಚ್‌ನಲ್ಲಿ ಓರ್ಲಿಯಾನ್ಸ್‌ನ ಡ್ಯೂಕನ ಪತ್ನಿ ಮದಾಂ ದ ಮೊಂತೆಸ್ಸೋಳ ಖಾಸಗಿ ರಂಗದಲ್ಲಿ ಆಡಲ್ಪಟ್ಟಿತು. ತಾನು ಪ್ರೀತಿಸುವವಳೆದುರು ತಾನೇ ಆ ಪ್ರಿಯಕರನೆಂದು ಹೇಳಿಕೊಳ್ಳಲಾರದೆ ಗೆಳೆಯನ ವೇಷದಲ್ಲಿ ಸುಳಿದಾಡುವ ನಾಯಕನ ಕಥೆ ಅದು. ಆತನ ಬದುಕನ್ನು ಬಲ್ಲವರಿಗೆ ಆ ವಸ್ತು ಕಚಗುಳಿಯಿಟ್ಟಂತೆಯೂ ಚುಚ್ಚಿದಂತೆಯೂ ಇರುತ್ತದೆ. ಅವನ ಹಾಡುನಾಟಕಗಳಲ್ಲಿ ಇಡಿಯಾಗಿ ಉಳಿದಿರುವುದು ಇದೊಂದೇ.

1781ರಲ್ಲಿ ಹಣದ ಮುಗ್ಗಟ್ಟಿನಿಂದ ಹಳೆಯ ವೃಂದ ಚೆದುರಿತು. ಅದರ ವಾದಕರು ಫ್ರೀಮೇಸನ್ ಎಂಬ ಗುಪ್ತ ಸೋದರಕೂಟದ ಸಂಘವೊಂದರ ಆಶ್ರಯದಲ್ಲಿ ‘ಲೋಜ್ ಒಲಂಪೀಕ್’ ಎಂಬ ಹೊಸ ಹೆಸರಿನಲ್ಲಿ ಮತ್ತೆ ಸೇರಿದರು, ಅದನ್ನು ಮುನ್ನಡೆಸಿದವನು ಸೇಂ ಜಾರ್ಜ್. ಇದರ ಪೋಷಕರಲ್ಲಿ ಪ್ರಮುಖನಾದ ಯುವಕ ಕೌಂಟ್ ದೋನ್ಯಿ ಹೇಡನ್‌ನಿಂದ ಆರು ಹೊಸ ಸಿಂಫನಿಗಳನ್ನು ಬರೆಸಿಕೊಳ್ಳಬೇಕೆಂದು ಬಯಸಿದನು. ಸಿಂಫನಿಯೊಂದಕ್ಕೆ ಲೂಯಿ ಎಂಬ 25 ಚಿನ್ನದ ನಾಣ್ಯಗಳು, ಪ್ರಕಟಣೆಯ ಹಕ್ಕಿಗೆ ಇನ್ನೂ 5. ಎಸ್ಟರ್‌ಹಾಜಿ ಅರಮನೆಯಲ್ಲಿ ಎರಡು ಡಜನ್ ವಾದಕರಿಗೆ ಬರೆದು ರೂಢಿಯಿದ್ದ ಹೇಡನ್‌ಗೆ ಇಲ್ಲಿ 40 ಪಿಟೀಲುಗಳೂ 10 ದೊಡ್ಡ ಮಂದ್ರ ತಂತಿವಾದ್ಯಗಳೂ ಸಿಕ್ಕವು. ಆಕಾಶನೀಲಿ ಬಣ್ಣದ ಕೋಟು ತೊಟ್ಟು, ಸೊಂಟಕ್ಕೆ ಕತ್ತಿ ಕಟ್ಟಿಕೊಂಡ ವಾದಕರು ನುಡಿಸುತ್ತಿದ್ದ ಆ ಸಭೆಯಲ್ಲಿ ಹೇಡನ್‌ನ ಸಿಂಫನಿಗಳ ಪಟ್ಟಿಯಲ್ಲಿ 82ರಿಂದ 87ರವರೆಗಿನ ಸಂಖ್ಯೆಯ ಆ ಆರು ಕೃತಿಗಳು ಮೊದಲು ಕೇಳಿಬಂದವು. ಇಂದು ಅವುಗಳಿಗೆ ‘ಪ್ಯಾರಿಸ್ ಸಿಂಫನಿಗಳು’ ಎಂದೇ ಹೆಸರು. ಊರಿನ ಹೆಸರು ಉಳಿಯಿತು, ಪಕ್ಷಿಯ ಕೂಗಿನಂಥ ಧಾಟಿಗಳಿಂದ ಒಂದಕ್ಕೆ ‘ಕೋಳಿ’, ರಾಣಿ ಮೆಚ್ಚಿದ್ದರಿಂದ ಇನ್ನೊಂದಕ್ಕೆ ‘ರಾಣಿ’ ಎಂಬ ಅಡ್ಡಹೆಸರುಗಳೂ ಉಳಿದವು. ಅವುಗಳನ್ನು ಮೊದಲು ಮುನ್ನಡೆಸಿದವನ ಹೆಸರು ಮಾತ್ರ ಕಾರ್ಯಕ್ರಮ ಪಟ್ಟಿಗಳಿಂದ ಬಿದ್ದುಹೋಯಿತು.

ಈ ನಡುವೆ ಅವನ ಖ್ಯಾತಿ ಬೇರೊಂದು ದಾರಿಯಲ್ಲಿ ಬೆಳೆಯುತ್ತಿತ್ತು. ಮುಂದೆ ಅಮೆರಿಕದ ಅಧ್ಯಕ್ಷನಾದ ಜಾನ್ ಆಡಮ್ಸ್ 1779ರಲ್ಲಿ ಫ್ರಾನ್ಸಿನಲ್ಲಿದ್ದಾಗ, ಕುದುರೆ ಸವಾರಿ, ಗುರಿ ಹೊಡೆಯುವುದು, ಕತ್ತಿವರಸೆ, ನೃತ್ಯ, ಸಂಗೀತ ಇವುಗಳಲ್ಲಿ ಯೂರೋಪಿಗೇ ನಿಪುಣನೆಂದು ಇವನ ವಿಷಯವನ್ನು ದಿನಚರಿಯಲ್ಲಿ ಬರೆದುಕೊಂಡನು. ಸಂಗೀತ ಆ ಸಾಲಿನ ಕೊನೆಯಲ್ಲಿದೆ ಎಂಬುದನ್ನು ನೋಡಿ. 1787ರ ಏಪ್ರಿಲ್‌ನಲ್ಲಿ ಲಂಡನ್ನಿನ ಕಾರ್ಲ್‌ಟನ್ ಹೌಸ್‌ನಲ್ಲಿ, ವೇಲ್ಸ್ ರಾಜಕುಮಾರನ ಎದುರು, ಹೆಂಗಸಿನ ಉಡುಪಿನಲ್ಲಿದ್ದ ಐವತ್ತೆಂಟರ ಫ್ರೆಂಚ್ ಮಾಜಿ ರಾಜತಾಂತ್ರಿಕ ಶೆವಾಲಿಯೇ ದೆಯೋನ್ ಜೊತೆ ಅವನು ಕತ್ತಿವರಸೆಯಾಡಿದ ದೃಶ್ಯ ವರ್ಣಚಿತ್ರವಾಯಿತು, ಅಚ್ಚುಚಿತ್ರವಾಗಿ ಹರಡಿತು. ಮೇದರ್ ಬ್ರೌನ್ ಬರೆದ ಅವನ ಅತ್ಯಂತ ಪರಿಚಿತ ಭಾವಚಿತ್ರದಲ್ಲಿಯೂ ಕೈಯಲ್ಲಿರುವುದು ಕತ್ತಿ. ಕತ್ತಿಯ ಕಥೆಯನ್ನು ಹೇಳುವವರು ಸಿಕ್ಕಷ್ಟು ಸುಲಭವಾಗಿ ಕಾನ್ಚೆರ್ಟೊವನ್ನು ನುಡಿಸುವವರು ಸಿಗುವುದಿಲ್ಲ.

1789ರ ಫ್ರೆಂಚ್ ಕ್ರಾಂತಿ ಬಂದಾಗ ಅವನು ಅದರ ಪಕ್ಷ ಹಿಡಿದುದರಲ್ಲಿ ಅಚ್ಚರಿಯಿಲ್ಲ, ಎಲ್ಲ ಮನುಷ್ಯರೂ ಹಕ್ಕಿನಲ್ಲಿ ಸಮಾನರು ಎಂದು ಫ್ರಾನ್ಸಿನಲ್ಲಿ ಸಾರಿದ ಮೊದಲ ಸರ್ಕಾರ ಅದು ತಂದದ್ದಾಗಿತ್ತು. 1790ರ ಹೊತ್ತಿಗೆ ಅವನು ಉತ್ತರದ ಲೀಲ್ ನಗರದಲ್ಲಿ ರಾಷ್ಟ್ರೀಯ ಕಾವಲುಪಡೆಯಲ್ಲಿದ್ದನು. 1792ರ ಸೆಪ್ಟೆಂಬರ್‌ನಲ್ಲಿ ಬಣ್ಣದ ಜನರದೇ ಆದ ಸೈನ್ಯದಳವೊಂದು ರಚನೆಯಾದಾಗ ಅದರ ಕರ್ನಲ್ ಆದನು; ಅವನ ಕೆಳಗಿನ ಅಧಿಕಾರಿ ತೊಮಾ ಅಲೆಕ್ಸಾಂದ್ರ್ ದ್ಯುಮಾ, ಮುಂದೆ ಪ್ರಖ್ಯಾತ ಕಾದಂಬರಿಕಾರನಾದ ದ್ಯುಮಾನ ತಂದೆ. 1793ರ ವಸಂತದಲ್ಲಿ ಸೇನಾಪತಿ ದ್ಯುಮೂರಿಯೇ ಶತ್ರುಪಕ್ಷ ಸೇರಲು ಹೊರಟಾಗ ಲೀಲ್ ನಗರವನ್ನು ಗಣರಾಜ್ಯದ ಕೈಯಲ್ಲಿ ಉಳಿಸಿಕೊಂಡವರಲ್ಲಿ ಸೇಂ ಜಾರ್ಜ್ ಒಬ್ಬ. ಆ ಸೇವೆಗೆ ಅದೇ ವರ್ಷ ಸಿಕ್ಕ ಪ್ರತಿಫಲ ಹುದ್ದೆಯಿಂದ ವಜಾ, ಬಳಿಕ ಬಂಧನ, ಸುಮಾರು ಒಂದು ವರ್ಷದ ಸೆರೆವಾಸ. ಕ್ರಾಂತಿಯ ಶತ್ರುಗಳೆಂದು ಸಾವಿರಾರು ಜನರನ್ನು ಕೊಂದ ‘ಭೀತಿಯ ಆಳ್ವಿಕೆ’ಯ ಆ ದಿನಗಳಲ್ಲಿ ಹಳೆಯ ಅರಮನೆಯ ಒಡನಾಟ ಯಾರಿಗೂ ಒಳ್ಳೆಯದಾಗಿರಲಿಲ್ಲ. ಬಿಡುಗಡೆಯಾದ ಮೇಲೆ ಸೇನೆಗೆ ಮರಳಲು ಬರೆದ ಅರ್ಜಿಗಳು ಫಲಿಸಲಿಲ್ಲ. 1797ರಲ್ಲಿ ಪ್ಯಾರಿಸ್ಸಿನಲ್ಲಿ ಇನ್ನೊಂದು ವಾದ್ಯವೃಂದವನ್ನು ನಡೆಸಿದನು. ಮೂತ್ರಕೋಶದ ಹುಣ್ಣಿನಿಂದ ನರಳಿ 1799ರ ಜೂನ್‌ನಲ್ಲಿ ತೀರಿಕೊಂಡನು. ಕಾಲದ ಅಳತೆ ಸಿಗಲೆಂದು ಹೇಳುತ್ತೇನೆ: ಶ್ರೀರಂಗಪಟ್ಟಣ ಬಿದ್ದು, ಟಿಪ್ಪು ಸುಲ್ತಾನ ಮಡಿದು ಆಗ ಐದಾರು ವಾರಗಳಾಗಿದ್ದವು. ಆ ಸುಲ್ತಾನನ ಮೂವರು ರಾಯಭಾರಿಗಳು 1788ರ ಬೇಸಿಗೆಯಲ್ಲಿ ಕಂಡ ಪ್ಯಾರಿಸ್ ಸೇಂ ಜಾರ್ಜ್‌ನ ಪ್ಯಾರಿಸ್ಸೇ.

ಮರೆವು ಅವನ ಸಾವಿಗೂ ಮುಂಚೆಯೇ ಶುರುವಾಗಿತ್ತು. 1782ರಲ್ಲಿ ಪ್ಯಾರಿಸ್ಸಿಗೆ ಬಂದ ಇಟಲಿಯ ಪಿಟೀಲುವಾದಕ ವಿಯೋಟ್ಟಿ ಪಿಟೀಲಿಗೆ ದೊಡ್ಡ ದನಿ, ಗಂಭೀರ ನಡೆ ತಂದು ಹಳೆಯ ಕಾನ್ಚೆರ್ಟೊಗಳನ್ನು ಒಮ್ಮೆಲೇ ಹಳತಾಗಿಸಿದನು. ಇದು ಬಣ್ಣಕ್ಕೆ ಸಂಬಂಧಿಸದ ಕಾರಣ, ಬಿಳಿಯ ಸಂಯೋಜಕರೂ ಇದರಲ್ಲಿ ಕೊಚ್ಚಿಹೋದರು. ‘ಕಾನ್ಸೆರ್ತಾಂತ್’ ಪ್ರಕಾರವೇ ಹೊಸ ಶತಮಾನದಲ್ಲಿ ಬತ್ತಿತು. ಅವನ ಕೇಳುಗರಾಗಿದ್ದ ಚಂದಾದಾರ ಶ್ರೀಮಂತರಲ್ಲಿ ಹಲವರು ದೇಶ ಬಿಟ್ಟರು, ಕೆಲವರು ತಲೆ ಕಳೆದುಕೊಂಡರು. 1795ರಲ್ಲಿ ಸ್ಥಾಪನೆಯಾದ ಪ್ಯಾರಿಸ್ ಸಂಗೀತ ಶಾಲೆ ಮುಂದಿನ ಪೀಳಿಗೆಗೆ ಯಾವ ಕೃತಿ ಕಲಿಸಬೇಕೆಂಬುದನ್ನು ನಿಶ್ಚಯಿಸಿತು. ಹಳೆಯ ಒಡನಾಡಿ ಗೊಸೆಕ್ ಅಲ್ಲಿ ಹಿರಿಯ ಸ್ಥಾನದಲ್ಲಿದ್ದನು. ಸೇಂ ಜಾರ್ಜ್ ಒಳಗಿರಲಿಲ್ಲ. ಒಳಗಿದ್ದವರ ಪಾಠಕ್ರಮದಲ್ಲಿ ವಿಯೋಟ್ಟಿಯ ಪರಂಪರೆ ಉಳಿಯಿತು. 1794ರಲ್ಲಿ ರದ್ದಾಗಿದ್ದ ಗುಲಾಮಗಿರಿಯನ್ನು ನೆಪೋಲಿಯನ್ 1802ರಲ್ಲಿ ಮರಳಿ ಜಾರಿಗೆ ತಂದ ಮೇಲಂತೂ, ಗುಲಾಮಳ ಮಗನೊಬ್ಬ ಫ್ರಾನ್ಸಿನ ಸಂಗೀತವನ್ನು ಮುನ್ನಡೆಸಿದ್ದನೆಂದು ನೆನೆಯುವ ಉತ್ಸಾಹ ಯಾರಿಗೂ ಉಳಿದಿರಲಿಲ್ಲ. ನೆನೆದವರು ಕಥೆಗಾರರು. 1840ರಲ್ಲಿ ಇವನ ಮೇಲೆ ಬಂದ ಕಾದಂಬರಿಯೊಂದು ತಂದೆ ಯಾರೆಂಬುದನ್ನೇ ತಪ್ಪಾಗಿ ಹೇಳಿ, ಅರ್ಥಸಚಿವನಾಗಿದ್ದ ಬೇರೊಬ್ಬ ಬುಲೋನ್‌ನನ್ನು ಆ ಜಾಗಕ್ಕೆ ತಂದಿತು, ಆ ತಪ್ಪು ನೂರಕ್ಕೂ ಹೆಚ್ಚು ವರ್ಷ ನಿಘಂಟುಗಳಲ್ಲಿ ಓಡಾಡಿತು.

ಇದೇ ಬಗೆಯ ಅಳಿಸುವಿಕೆ ಇನ್ನೊಬ್ಬನಿಗೂ ಆಯಿತು. ಆಫ್ರಿಕನ್ ಮೂಲದ ತಂದೆಯ ಮಗನಾದ ಪಿಟೀಲುವಾದಕ ಜಾರ್ಜ್ ಬ್ರಿಜ್‌ಟವರ್ 1803ರ ಮೇ ತಿಂಗಳಲ್ಲಿ ವಿಯೆನ್ನಾದಲ್ಲಿ ಬೀಥೋವನ್‌ನ ಪಕ್ಕದಲ್ಲಿ ನಿಂತು ಹೊಸ ಸೊನಾಟವೊಂದನ್ನು ಮೊದಲ ಬಾರಿಗೆ ನುಡಿಸಿದನು. ಅದು ಅವನಿಗಾಗಿಯೇ ಬರೆದದ್ದು. ಇಬ್ಬರ ನಡುವೆ ಮನಸ್ತಾಪವಾಗಿ ಕೃತಿ ಬೇರೊಬ್ಬನಿಗೆ ಅರ್ಪಿತವಾಯಿತು, ಇಂದು ಲೋಕ ಅದನ್ನು ‘ಕ್ರಾಯ್ಟ್‌ಸರ್ ಸೊನಾಟ’ ಎಂದು ಕರೆಯುತ್ತದೆ. ಆ ಕ್ರಾಯ್ಟ್‌ಸರ್ ಎಂದೂ ಅದನ್ನು ಸಭೆಯಲ್ಲಿ ನುಡಿಸಲಿಲ್ಲ.

ಸೇಂ ಜಾರ್ಜ್‌ನ ಕೃತಿಗಳು ಮತ್ತೆ ಕಿವಿಗೆ ಬೀಳತೊಡಗಿದ್ದು 1970ರ ದಶಕದಲ್ಲಿ. ಅಮೆರಿಕದಲ್ಲಿ ನಿರ್ದೇಶಕ ಪಾಲ್ ಫ್ರೀಮನ್ ಕಪ್ಪು ಸಂಯೋಜಕರ ಧ್ವನಿಮುದ್ರಣ ಮಾಲೆಯನ್ನು 1974ರಲ್ಲಿ ಆರಂಭಿಸಿದ್ದೇ ಇವನಿಂದ. ಫ್ರಾನ್ಸಿನಲ್ಲಿ ಪಿಟೀಲುವಾದಕ ಜಾನ್ ಜಾಕ್ ಕಾಂತೊರೋವ್ ಕಾನ್ಚೆರ್ಟೊಗಳನ್ನು ನುಡಿಸಿದರು. ಗ್ವಾಡಲೂಪ್‌ನಲ್ಲಿ ಗುಲಾಮಗಿರಿಯನ್ನು ಬಂದೂಕಿನ ಬಲದಿಂದ ಮರುಸ್ಥಾಪಿಸಿದ ಸೇನಾಪತಿ ರಿಶ್‌ಪಾಂಸ್‌ನ ಹೆಸರು ಪ್ಯಾರಿಸ್ಸಿನ ಬೀದಿಯೊಂದಕ್ಕೆ ಇತ್ತು. ಈ ಶತಮಾನದ ಮೊದಲ ವರ್ಷಗಳಲ್ಲಿ ನಗರಸಭೆ ಅದನ್ನು ತೆಗೆದು ಅಲ್ಲಿ ಶೆವಾಲಿಯೇ ದ ಸೇಂ ಜಾರ್ಜ್ ಎಂದು ಬರೆಸಿತು.

ನೀವು ಕೇಳಲು ಮನಸ್ಸು ಮಾಡಿದರೆ ನಾನು ಮೇಲೆ ಹೇಳಿದ ‘ಲಾರ್ಗೊ’ದಿಂದ ಆರಂಭಿಸಿ, ಆ ಮೇಲೆ ಎರಡು ಪಿಟೀಲುಗಳ ಯಾವುದಾದರೂ ಒಂದು ಕಾನ್ಸೆರ್ತಾಂತ್ ಕೇಳಿ. ಅದಾದ ಬಳಿಕ ಹೇಡನ್‌ನ 85ನೆಯ ಸಿಂಫನಿಯನ್ನು ಹಾಕಿಕೊಳ್ಳಿ. ಮೊದಲ ಸಾಲಿನಲ್ಲಿ ನೀಲಿ ಕೋಟು ತೊಟ್ಟು, ಕಮಾನು ಎತ್ತಿ ನಲವತ್ತು ಪಿಟೀಲುಗಳಿಗೆ ಸನ್ನೆ ಮಾಡುತ್ತಿರುವವನು ಯಾರೆಂದು ಈಗ ನಿಮಗೆ ಗೊತ್ತಿದೆ.